ಸಾಲ ಕೈ ಮೀರಿದಾಗ ಯಾರನ್ನು ಕೇಳಬೇಕು? ನಂಬಬಹುದಾದ ಸಲಹೆ ಹುಡುಕುವ ದಾರಿ

ಸಾಲ ಕೈ ಮೀರಿದ ಮನೆಗೆ ಸಲಹೆ ಕೊಡುವವರು ಬಹಳ ಜನ. ಭಾವ ಒಂದು ಹೇಳುತ್ತಾರೆ, ಅಂಗಡಿ ಪಕ್ಕದವರು ಇನ್ನೊಂದು ಹೇಳುತ್ತಾರೆ. ಫೋನ್ ತೆಗೆದರೆ ಹತ್ತು ನಿಮಿಷದಲ್ಲಿ ಲೋನ್ ಕೊಡುವ ಜಾಹೀರಾತು. ತಲೆ ಕೆಟ್ಟಿರುವ ಆ ಹೊತ್ತಿನಲ್ಲಿ ಯಾರು ಧೈರ್ಯದ ಮಾತು ಆಡಿದರೂ ಅವರೇ ದೇವರು ಅನ್ನಿಸುತ್ತದೆ.

2020ರ ಲಾಕ್‌ಡೌನ್ ಮುಗಿಯುವ ಹೊತ್ತಿಗೆ ನಮ್ಮ ಮನೆಯ ಕಥೆಯೂ ಹಾಗೇ ಆಗಿತ್ತು. ಅಂಗಡಿ ಬಾಡಿಗೆ ಬಾಕಿ, ಎರಡು ಕ್ರೆಡಿಟ್ ಕಾರ್ಡ್, ಒಂದು ಪರ್ಸನಲ್ ಲೋನ್, ಒಡವೆ ಸಾಲ, ಸಂಘದ ಸಾಲ, ಜೊತೆಗೆ ಕೈಸಾಲ. ಪರಿಚಯದವರೊಬ್ಬರು "ಎಲ್ಲ ಸೇರಿಸಿ ಒಂದೇ ಲೋನ್ ಮಾಡಿಸಿಕೊಡ್ತೀನಿ, ಒಂದೇ ಇಎಂಐ ಕಟ್ಟಿದ್ರೆ ಆಯ್ತು" ಅಂದರು. ನಾವು ಒಪ್ಪಿದೆವು. ಹಳೆಯದರಲ್ಲಿ ತೀರಿದ್ದು ಎರಡು ಮಾತ್ರ, ಮೇಲೆ ಹೊಸದೊಂದು ಸೇರಿತು. ಆ ಲೋನ್ ಮಾಡಿಸಿದ್ದಕ್ಕೆ ಅವರಿಗೆ ಕಮಿಷನ್ ಬಂದಿತ್ತು ಅನ್ನುವುದು ನಮಗೆ ಆಮೇಲೆ ಗೊತ್ತಾಯಿತು.

ಅದಾದ ಮೇಲೆ ನಾವು ಹೋಗಿದ್ದು ನಮ್ಮ ಬೀದಿಯಲ್ಲೇ ಇದ್ದ, ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರ ಹತ್ತಿರ. ಕಾಫಿ ಕೊಟ್ಟು ಕೂರಿಸಿ ಅವರು ಕೇಳಿದ್ದು ಒಂದೇ. "ಒಟ್ಟು ಸಾಲ ಎಷ್ಟಮ್ಮ?" ನಾನು 4 ಲಕ್ಷ ಅಂದೆ. ನಮ್ಮ ಯಜಮಾನರು 5 ಅಂದರು. "ಇಬ್ಬರೂ ಕೂತು ಬರೆದುಕೊಂಡು ಬನ್ನಿ, ಭಾನುವಾರ ಮಾತಾಡೋಣ" ಅಂತ ಕಳಿಸಿಬಿಟ್ಟರು. ಬರೆದು ಕೂಡಿದಾಗ ಬಂದಿದ್ದು 6 ಲಕ್ಷದ 40 ಸಾವಿರ.

ಅಂಥ ಹಿರಿಯರು ಎಲ್ಲರ ಬೀದಿಯಲ್ಲೂ ಇರುವುದಿಲ್ಲ. ಆದರೆ ಅವರು ಮಾಡಿದ ಕೆಲಸವನ್ನು ಪುಕ್ಕಟೆಯಾಗಿ ಮಾಡುವ ಜಾಗಗಳು ಪ್ರತಿ ಜಿಲ್ಲೆಯಲ್ಲೂ ಇವೆ. ಅಲ್ಲಿಗೆ ಹೋಗುವುದು ಹೇಗೆ, ಯಾರ ಮಾತನ್ನು ಎಷ್ಟು ನಂಬಬೇಕು ಅನ್ನುವುದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ.

ಮೊದಲು ಒಂದು ಹಾಳೆ

ಸಲಹೆ ಕೇಳಲು ಹೊರಡುವ ಮುಂಚೆ ದೊಡ್ಡದೊಂದು ಹಾಳೆ ತೆಗೆದುಕೊಳ್ಳಿ. ಒಂದೊಂದು ಸಾಲಕ್ಕೆ ಒಂದೊಂದು ಗೆರೆ. ಯಾರಿಂದ ತಂದಿದ್ದು, ಯಾವಾಗ, ಎಷ್ಟು, ಈಗ ಬಾಕಿ ಎಷ್ಟು, ಬಡ್ಡಿ ಎಷ್ಟು, ತಿಂಗಳ ಕಂತು ಎಷ್ಟು, ಎಷ್ಟು ಕಂತು ತಪ್ಪಿದೆ ಅಂತ ಬರೆಯಿರಿ. ಕೊನೆಯಲ್ಲಿ ಇನ್ನೊಂದು ಕಾಲಂ ಬಿಡಿ. ಸಾಲಕ್ಕೆ ಪ್ರತಿಯಾಗಿ ನೀವು ಏನು ಕೊಟ್ಟಿದ್ದೀರಿ ಅನ್ನುವುದಕ್ಕೆ. ಒಡವೆ, ಮನೆ ಪತ್ರ, ಗಾಡಿ ಆರ್‌ಸಿ, ಸಹಿ ಮಾಡಿದ ಖಾಲಿ ಚೆಕ್, ಯಾರಾದರೂ ಹಾಕಿದ ಜಾಮೀನು, ಎಲ್ಲವೂ ಅಲ್ಲಿ ಬರಲಿ.

ಈ ಕೊನೆಯ ಕಾಲಂ ಅನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಯಾವುದನ್ನು ಮೊದಲು ಕಟ್ಟಬೇಕು ಅನ್ನುವುದನ್ನು ತೀರ್ಮಾನಿಸುವುದು ಅದೇ. ಕೈಯಲ್ಲಿ ದುಡ್ಡಿಲ್ಲದೆ ಸಾಲ ಕಟ್ಟಲಾಗದಿರುವುದು ಅಪರಾಧವಲ್ಲ, ಅದು ಸಿವಿಲ್ ವಿಷಯ. ಆದರೆ ಕೊಟ್ಟ ಚೆಕ್ ಬೌನ್ಸ್ ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ಪ್ರಕಾರ ಕ್ರಿಮಿನಲ್ ಕೇಸ್ ಆಗಬಹುದು. ನೋಟಿಸ್ ಕೈಗೆ ಬಂದ ಮೇಲೆ ಹಣ ಕೊಡಲು 15 ದಿನ ಅವಕಾಶ ಇರುತ್ತದೆ. ಆ ನೋಟಿಸ್ ಅನ್ನು ಬೀರುವಿನಲ್ಲಿಟ್ಟು ಸುಮ್ಮನೆ ಕೂತರೆ ಕಷ್ಟ. ಹಾಗೇ ಮನೆ ಮೇಲಿನ ಸಾಲ ತಪ್ಪಿ ಸರ್ಫೇಸಿ ಕಾಯ್ದೆಯ (ಅಡ ಇಟ್ಟ ಆಸ್ತಿಯನ್ನು ಬ್ಯಾಂಕ್ ವಶಕ್ಕೆ ತೆಗೆದುಕೊಳ್ಳಲು ಅವಕಾಶ ಕೊಡುವ ಕಾಯ್ದೆ) ನೋಟಿಸ್ ಬಂದರೆ, ಅದರಲ್ಲಿ 60 ದಿನದ ಗಡುವು ಇರುತ್ತದೆ. ಇಂಥ ತಾರೀಖುಗಳನ್ನು ಕೆಂಪು ಪೆನ್ನಿನಲ್ಲಿ ಬರೆದಿಡಿ.

ಬಡ್ಡಿಯನ್ನು ವರ್ಷದ ಲೆಕ್ಕಕ್ಕೆ ತಿರುಗಿಸಿ ಬರೆಯಿರಿ. ನಮ್ಮಲ್ಲಿ "ನೂರಕ್ಕೆ ಮೂರು ರೂಪಾಯಿ" ಅಂದರೆ ತಿಂಗಳಿಗೆ ಮೂರು, ವರ್ಷಕ್ಕೆ ಶೇಕಡ 36. ನೂರಕ್ಕೆ ಐದು ಅಂದರೆ ಶೇಕಡ 60. ಕಾರ್ಡಿನವರು ತಿಂಗಳಿಗೆ ಶೇಕಡ 3.5 ಅಂದರೆ ವರ್ಷಕ್ಕೆ ಶೇಕಡ 42. ಒಂದೇ ಅಳತೆಗೆ ತಂದ ಮೇಲೆ ಯಾವ ಸಾಲ ಮನೆಯನ್ನು ತಿನ್ನುತ್ತಿದೆ ಅನ್ನುವುದು ಕಣ್ಣಿಗೆ ಕಾಣುತ್ತದೆ.

ಹಾಳೆಯ ಹಿಂದೆ ಮನೆಗೆ ಬರುವ ದುಡ್ಡು ಮತ್ತು ಖರ್ಚು ಬರೆಯಿರಿ. ಅಕ್ಕಿ, ಬಾಡಿಗೆ, ಕರೆಂಟು, ಸ್ಕೂಲ್ ಫೀಸು, ಔಷಧಿ ಕಳೆದ ಮೇಲೆ ಉಳಿಯುವುದು ಎಷ್ಟೋ ಅಷ್ಟೇ ನೀವು ತಿಂಗಳಿಗೆ ಸಾಲಕ್ಕೆ ಕಟ್ಟಬಹುದಾದ ಮೊತ್ತ. ಯಾರಿಗೇ ಮಾತು ಕೊಡುವುದಿದ್ದರೂ ಅದರೊಳಗೇ ಕೊಡಬೇಕು.

ಇದನ್ನು ಮನೆಯವರು ಜೊತೆಗೆ ಕೂತು ಬರೆದರೆ ಒಳ್ಳೆಯದು. ಗಂಡನಿಗೆ ಗೊತ್ತಿಲ್ಲದ ಸಂಘದ ಸಾಲ, ಹೆಂಡತಿಗೆ ಗೊತ್ತಿಲ್ಲದ ಆ್ಯಪ್ ಸಾಲ ಬಹಳ ಮನೆಗಳಲ್ಲಿ ಇರುತ್ತವೆ. ನಮ್ಮಲ್ಲೂ ಒಂದಿತ್ತು. ಹೇಳುವಾಗ ಕಷ್ಟವಾಯಿತು, ಅತ್ತಿದ್ದೂ ಆಯಿತು. ಅರ್ಧ ಲೆಕ್ಕ ಹಿಡಿದು ಹೋದರೆ ಸಿಗುವ ಸಲಹೆಯೂ ಅರ್ಧವೇ, ಅಲ್ವಾ?

ಕ್ರೆಡಿಟ್ ರಿಪೋರ್ಟ್ ತೆಗೆಯಿರಿ

ನೆನಪಿನಿಂದ ಬರೆದದ್ದನ್ನು ದಾಖಲೆ ಜೊತೆ ತಾಳೆ ನೋಡಬೇಕು. ಯಾರು ಎಷ್ಟು ಸಾಲ ತೆಗೆದಿದ್ದಾರೆ, ಹೇಗೆ ಕಟ್ಟುತ್ತಿದ್ದಾರೆ ಅನ್ನುವ ದಾಖಲೆ ಇಡುವ ನಾಲ್ಕು ಕ್ರೆಡಿಟ್ ಬ್ಯೂರೋಗಳು ನಮ್ಮ ದೇಶದಲ್ಲಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಸಿಆರ್‌ಐಎಫ್ ಹೈ ಮಾರ್ಕ್. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಇವುಗಳಲ್ಲಿ ಪ್ರತಿಯೊಂದೂ ವರ್ಷಕ್ಕೊಮ್ಮೆ ನಿಮ್ಮ ಪೂರ್ತಿ ರಿಪೋರ್ಟ್ ಅನ್ನು ಉಚಿತವಾಗಿ ಕೊಡಬೇಕು. ಅವರವರ ವೆಬ್‌ಸೈಟಿನಲ್ಲೇ ತೆಗೆಯಿರಿ. ದುಡ್ಡು ಕಟ್ಟಿ ಎಂದು ಕೇಳುವ ಪ್ಲಾನ್ ಕಾಣಿಸಿದರೆ ಅದನ್ನು ಬಿಟ್ಟು ಉಚಿತ ರಿಪೋರ್ಟಿನ ಜಾಗ ಹುಡುಕಿ.

ಸ್ಕೋರ್ ಕಡಿಮೆ ಇದೆ ಅಂತ ಗಾಬರಿ ಬೇಡ. ಈಗ ನೋಡಬೇಕಾದದ್ದು ಸಾಲಗಳ ಪಟ್ಟಿ. ನೀವು ತೆಗೆದೇ ಇಲ್ಲದ ಸಾಲ ಅದರಲ್ಲಿದೆಯಾ? ತೀರಿಸಿದ ಸಾಲ ಇನ್ನೂ ಬಾಕಿ ಅಂತ ಇದೆಯಾ? ಇದ್ದರೆ ಬ್ಯೂರೋಗೂ ಸಾಲ ಕೊಟ್ಟವರಿಗೂ ದೂರು ಕೊಡಿ. 30 ದಿನದಲ್ಲಿ ಸರಿಪಡಿಸಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅನ್ನುವ ನಿಯಮ 2024ರಿಂದ ಇದೆ.

ಈ ಸಲಹೆಯಿಂದ ಅವರಿಗೆ ಏನು ಸಿಗುತ್ತದೆ?

ಯಾರೇ ಸಲಹೆ ಕೊಡಲಿ, ಈ ಪ್ರಶ್ನೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಆಗುವುದಾದರೆ ನೇರವಾಗಿ ಕೇಳಿಬಿಡಿ: "ನಾನು ಇದಕ್ಕೆ ಒಪ್ಪಿದರೆ ನಿಮಗೆ ಕಮಿಷನ್ ಬರುತ್ತಾ?" ಕೇಳುವುದಕ್ಕೆ ಸಂಕೋಚ ಆಗುತ್ತದೆ, ನನಗೂ ಆಗುತ್ತಿತ್ತು. ಒಳ್ಳೆಯವರು ಬೇಜಾರು ಮಾಡಿಕೊಳ್ಳುವುದಿಲ್ಲ. ಇದ್ದದ್ದು ಹೇಳುತ್ತಾರೆ.

ಲೋನ್ ಏಜೆಂಟರಿಗೆ ಹೊಸ ಲೋನ್ ಆದರೆ ಹಣ. ಪಾಲಿಸಿ ಏಜೆಂಟರಿಗೆ ಪಾಲಿಸಿ ಮಾಡಿಸಿದರೆ ಹಣ. ಮ್ಯೂಚುಯಲ್ ಫಂಡ್ ಮಾರುವವರಿಗೆ ಫಂಡ್ ಕಂಪನಿಯಿಂದ ಕಮಿಷನ್. ಇವರೆಲ್ಲ ಕೆಟ್ಟವರು ಅಂತ ನಾನು ಹೇಳುವುದಿಲ್ಲ. ಅವರ ಹೊಟ್ಟೆಪಾಡು ಹಾಗಿದೆ. ಆದರೆ "ಈಗ ಏನೂ ತೆಗೆದುಕೊಳ್ಳಬೇಡಿ, ಮೊದಲು ಸಾಲ ತೀರಿಸಿ" ಅಂತ ಹೇಳಿದರೆ ಅವರಿಗೆ ಏನೂ ಸಿಗುವುದಿಲ್ಲ. ಸಾಲದಲ್ಲಿ ಇರುವವರಿಗೆ ಬಹಳ ಸಲ ಬೇಕಾಗಿರುವ ಸಲಹೆ ಅದೇ.

ಇನ್ನೊಂದು ಗುರುತಿದೆ. ನಂಬಬಹುದಾದವರು ಮೊದಲು ಕೇಳುತ್ತಾರೆ, ಆಮೇಲೆ ಹೇಳುತ್ತಾರೆ. ನಿಮ್ಮ ಆದಾಯ, ಮನೆಯಲ್ಲಿ ಎಷ್ಟು ಜನ, ಯಾವ ಸಾಲಕ್ಕೆ ಏನು ಅಡ ಇದೆ ಅಂತ ಕೇಳದೆಯೇ ಐದು ನಿಮಿಷದಲ್ಲಿ ದಾರಿ ತೋರಿಸುವವರ ಹತ್ತಿರ ಒಂದೇ ದಾರಿ ಇರುತ್ತದೆ. ಅದನ್ನೇ ಎಲ್ಲರಿಗೂ ತೋರಿಸುತ್ತಾರೆ.

ಎಲ್ಲಿ ಕೇಳಬೇಕು

ಹಾಳೆ ಹಿಡಿದು ಮೊದಲು ಹೋಗಬೇಕಾದದ್ದು ಆರ್ಥಿಕ ಸಾಕ್ಷರತಾ ಕೇಂದ್ರಕ್ಕೆ. ಬ್ಯಾಂಕುಗಳು ನಡೆಸುವ ಇವುಗಳಲ್ಲಿ ಸಲಹೆಗೆ ದುಡ್ಡು ಕೊಡಬೇಕಾಗಿಲ್ಲ. ಎಷ್ಟೋ ಕಡೆ ನಿವೃತ್ತ ಬ್ಯಾಂಕ್ ನೌಕರರೇ ಅಲ್ಲಿ ಕೂರುತ್ತಾರೆ. ನಿಮ್ಮ ಊರಿನಲ್ಲಿ ಎಲ್ಲಿದೆ ಅಂತ ಗೊತ್ತಿಲ್ಲದಿದ್ದರೆ ಜಿಲ್ಲೆಯ ಲೀಡ್ ಬ್ಯಾಂಕ್ ಕಚೇರಿಯಲ್ಲಿ ಕೇಳಿ. ಪ್ರತಿ ಜಿಲ್ಲೆಗೂ ಒಂದು ಲೀಡ್ ಬ್ಯಾಂಕ್ ಇರುತ್ತದೆ, ಅದಕ್ಕೊಬ್ಬರು ಮ್ಯಾನೇಜರ್ ಇರುತ್ತಾರೆ. ಯಾವ ಬ್ಯಾಂಕ್ ಶಾಖೆಯಲ್ಲಿ ಕೇಳಿದರೂ ವಿಳಾಸ ಹೇಳುತ್ತಾರೆ. ಅಲ್ಲಿ ಪವಾಡ ನಡೆಯುವುದಿಲ್ಲ. ಆದರೆ ಲೆಕ್ಕ ನೋಡಿ, ಯಾವುದನ್ನು ಮೊದಲು ಕಟ್ಟಬೇಕು, ಬ್ಯಾಂಕಿಗೆ ಯಾವ ಅರ್ಜಿ ಕೊಡಬೇಕು ಅಂತ ಹೇಳಬಲ್ಲ, ನಿಮಗೆ ಏನನ್ನೂ ಮಾರಬೇಕಾಗಿಲ್ಲದ ಒಬ್ಬರು ಸಿಗುತ್ತಾರೆ.

ಆಮೇಲೆ ಸಾಲ ಕೊಟ್ಟ ಬ್ಯಾಂಕಿಗೇ ಹೋಗಿ. ಇದು ವಿಚಿತ್ರ ಅನ್ನಿಸಬಹುದು. ಕಂತು ತಪ್ಪಿದ ಮೇಲೆ ಬ್ಯಾಂಕಿನ ಮುಂದಿನ ರಸ್ತೆಯಲ್ಲಿ ಓಡಾಡುವುದನ್ನೇ ಬಿಡುವವರು ನಾವು. ಆದರೆ ಮೂರು ಕಂತು ತಪ್ಪಿಸಿ ಹೋಗುವುದಕ್ಕಿಂತ, ತಪ್ಪುವ ಮುಂಚೆಯೇ ಹೋದರೆ ಅವರ ಕೈಯಲ್ಲಿ ಮಾಡಲು ಜಾಸ್ತಿ ಇರುತ್ತದೆ. ಅವಧಿ ಉದ್ದ ಮಾಡಿ ಕಂತು ಇಳಿಸುವುದು, ಕಾರ್ಡ್ ಬಾಕಿಯನ್ನು ಕಡಿಮೆ ಬಡ್ಡಿಯ ಕಂತಿಗೆ ತಿರುಗಿಸುವುದು, ಇಂಥವನ್ನು ಬರವಣಿಗೆಯಲ್ಲಿ ಕೇಳಿ. ಆದಾಯ ನಿಂತದ್ದಕ್ಕೆ ಕಾಗದ ಇದ್ದರೆ ಜೊತೆಗಿಡಿ. ಅರ್ಜಿಯ ನಕಲಿನ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಲು ಮರೆಯಬೇಡಿ.

ನೋಟಿಸ್, ಚೆಕ್ ಕೇಸ್, ಜಪ್ತಿ ಅನ್ನುವ ಮಾತು ಬಂದಿದ್ದರೆ ಕಾನೂನು ಸಲಹೆ ಬೇಕು. ತಾಲ್ಲೂಕು ಕೋರ್ಟ್ ಆವರಣದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಇರುತ್ತದೆ, ಜಿಲ್ಲೆಯಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ. 1987ರ ಕಾಯ್ದೆಯ ಪ್ರಕಾರ ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ಕಾರ್ಖಾನೆ ಕಾರ್ಮಿಕರಿಗೆ, ಆದಾಯ ಕಡಿಮೆ ಇರುವವರಿಗೆ ಇಲ್ಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಹೆಂಗಸರಿಗೆ ಆದಾಯದ ಮಿತಿಯೂ ಇಲ್ಲ. ಫೋನಿನಲ್ಲಿ ಕೇಳುವುದಾದರೆ 15100.

ಇಲ್ಲೇ ಒಂದು ಮಾತು. ಬ್ಯಾಂಕಿನ ಸಾಲದ ಬಗ್ಗೆ ಲೋಕ ಅದಾಲತ್ ನೋಟಿಸ್ ಬಂದರೆ ಬಹಳ ಜನ ಪೊಲೀಸ್ ಕೇಸ್ ಆಯಿತು ಅಂತ ಹೆದರಿ ಮನೆ ಬಿಡುತ್ತಾರೆ. ಅದು ರಾಜಿಗೆ ಕರೆಯುವ ಪತ್ರ. ಅಲ್ಲಿ ಕೋರ್ಟ್ ಫೀಸು ಇಲ್ಲ. ಒಪ್ಪಲೇಬೇಕು ಅಂತ ಒತ್ತಾಯವೂ ಇಲ್ಲ. ಹೋಗಿ, ನಿಮ್ಮ ಹಾಳೆ ತೋರಿಸಿ, ಎಷ್ಟು ಕಟ್ಟಬಲ್ಲಿರಿ ಅಂತ ಹೇಳಿ. ಆದರೆ ಒಪ್ಪಿ ಸಹಿ ಹಾಕಿದ ಮೇಲೆ ಅದು ಕೋರ್ಟ್ ತೀರ್ಪಿನಷ್ಟೇ ಗಟ್ಟಿ, ಅಪೀಲು ಇಲ್ಲ. ಕಟ್ಟಲಾಗದ ಕಂತಿಗೆ ಯಾರ ದಾಕ್ಷಿಣ್ಯಕ್ಕೂ ಸಹಿ ಹಾಕಬೇಡಿ.

ಫೀಸು ಕೊಟ್ಟು ಸಲಹೆ ಪಡೆಯುವ ಶಕ್ತಿ ಇದ್ದರೆ, ಅಥವಾ ಹೂಡಿಕೆ, ಪಾಲಿಸಿ, ಸೈಟು ಅಂತ ಒಂದಿಷ್ಟು ಆಸ್ತಿಯೂ ಇದ್ದು ಯಾವುದನ್ನು ಮಾರಬೇಕು ಅನ್ನುವ ಗೊಂದಲ ಇದ್ದರೆ, ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯಲ್ಲಿ ನೋಂದಾಯಿಸಿದ ಹೂಡಿಕೆ ಸಲಹೆಗಾರರನ್ನು ಹುಡುಕಿ. ಅವರ ನೋಂದಣಿ ಸಂಖ್ಯೆ ಐಎನ್‌ಎ ಅನ್ನುವ ಅಕ್ಷರಗಳಿಂದ ಶುರುವಾಗುತ್ತದೆ. ಸೆಬಿ ವೆಬ್‌ಸೈಟಿನ ಪಟ್ಟಿಯಲ್ಲಿ ಆ ಸಂಖ್ಯೆಯನ್ನೂ ಹೆಸರನ್ನೂ ನೀವೇ ಹಾಕಿ ನೋಡಿ. ಬೇರೆಯವರ ಸಂಖ್ಯೆ ಹೇಳಿಕೊಂಡು ಮೋಸ ಮಾಡುವವರಿದ್ದಾರೆ. ಎಆರ್‌ಎನ್ ಸಂಖ್ಯೆ ಇರುವವರು ಮ್ಯೂಚುಯಲ್ ಫಂಡ್ ವಿತರಕರು, ಅವರು ಬೇರೆ. ಸಾಲ ಮಾಡಿ ಸಲಹೆಗಾರರ ಫೀಸು ಕೊಡುವ ಸ್ಥಿತಿ ಇದ್ದರೆ ಮಾತ್ರ ಬೇಡವೇ ಬೇಡ, ಮೇಲಿನ ಉಚಿತ ಜಾಗಗಳೇ ಸಾಕು.

ಬಂಧುಗಳ ಮಾತು? ಕೇಳಿ, ಆದರೆ ಸಾಲ ತೀರಿಸಿ ಹೊರಗೆ ಬಂದವರ ಮಾತನ್ನು ಕೇಳಿ. ಅವರು ಯಾವ ಕಚೇರಿಗೆ ಹೋದರು, ಯಾವ ಕಾಗದ ಕೊಟ್ಟರು ಅಂತ ವಿವರ ಕೇಳಿ.

ಯಾರಿಂದ ದೂರ ಇರಬೇಕು

"ಸಾಲ ಅರ್ಧಕ್ಕೆ ಸೆಟಲ್ ಮಾಡಿಸ್ತೀವಿ, ನೀವು ಬ್ಯಾಂಕಿಗೆ ಕಟ್ಟೋದು ನಿಲ್ಲಿಸಿ, ತಿಂಗಳಿಗೆ ಇಷ್ಟು ನಮಗೆ ಕಟ್ಟಿ" ಅನ್ನುವವರಿದ್ದಾರೆ. ನೀವು ಕಟ್ಟುವುದು ನಿಲ್ಲಿಸಿದ ದಿನದಿಂದ ಬಡ್ಡಿ, ದಂಡ, ವಸೂಲಿಯವರ ಫೋನು ಎಲ್ಲವೂ ಬೆಳೆಯುತ್ತಲೇ ಹೋಗುತ್ತವೆ. ಸೆಟಲ್‌ಮೆಂಟ್ ಮಾಡಿಕೊಳ್ಳುವುದೇ ಆದರೆ ನೀವೇ ಬ್ಯಾಂಕಿನ ಜೊತೆ ಮಾತಾಡಬಹುದು, ಮಧ್ಯವರ್ತಿ ಬೇಕಾಗಿಲ್ಲ. ಅರ್ಧಕ್ಕೆ ಒಪ್ಪಿಸಿದರೆ ರಿಪೋರ್ಟಿನಲ್ಲಿ "ಸೆಟಲ್ಡ್" ಅಂತ ಬರುತ್ತದೆ, "ಕ್ಲೋಸ್ಡ್" ಅಂತ ಬರುವುದಿಲ್ಲ. ಮುಂದೆ ಸಾಲ ಕೇಳಿದಾಗ ಅದು ಅಡ್ಡ ಬರುತ್ತದೆ. ಬೇರೆ ದಾರಿ ಇಲ್ಲದಿದ್ದರೆ ತಪ್ಪೇನಿಲ್ಲ, ತಿಳಿದು ಮಾಡಿ.

"ಸಾಲ ಮನ್ನಾ ಪ್ರಮಾಣಪತ್ರ ಕೊಡಿಸ್ತೀವಿ" ಅಂತ ಫೀಸು ಕೇಳುವವರ ಬಗ್ಗೆ 2023ರ ಡಿಸೆಂಬರ್‌ನಲ್ಲಿ ರಿಸರ್ವ್ ಬ್ಯಾಂಕೇ ಎಚ್ಚರಿಕೆ ಕೊಟ್ಟಿದೆ. ಸಿಬಿಲ್ ಸ್ಕೋರ್ ಏರಿಸಿಕೊಡುವವರೂ ಅದೇ ಸಾಲಿನವರು. ರಿಪೋರ್ಟಿನಲ್ಲಿ ತಪ್ಪಿದ್ದರೆ ನೀವೇ ಉಚಿತವಾಗಿ ಸರಿಪಡಿಸಬಹುದು. ತಪ್ಪಿಲ್ಲದಿದ್ದರೆ ಯಾರೂ ಬದಲಾಯಿಸಲು ಆಗುವುದಿಲ್ಲ.

ಲೋನ್ ಆ್ಯಪ್ ಬಗ್ಗೆ ಹೇಳುವುದಾದರೆ, ಆ್ಯಪ್ ಹಿಂದೆ ರಿಸರ್ವ್ ಬ್ಯಾಂಕ್ ನಿಯಂತ್ರಣದ ಬ್ಯಾಂಕ್ ಅಥವಾ ಹಣಕಾಸು ಕಂಪನಿ ಇರಲೇಬೇಕು. ದುಡ್ಡು ಅದರ ಖಾತೆಯಿಂದ ನೇರ ನಿಮ್ಮ ಖಾತೆಗೆ ಬರಬೇಕು. ಒಟ್ಟು ಖರ್ಚು ತೋರಿಸುವ ವಿವರ ಪತ್ರವನ್ನು ಮೊದಲೇ ಕೊಡಬೇಕು. ನಿಮ್ಮ ಫೋನಿನ ಕಾಂಟ್ಯಾಕ್ಟ್, ಫೋಟೋ ನೋಡುವ ಹಾಗಿಲ್ಲ. ಇಂಥ ಆ್ಯಪ್‌ಗಳ ಪಟ್ಟಿಯನ್ನು 2025ರ ಜುಲೈನಿಂದ ರಿಸರ್ವ್ ಬ್ಯಾಂಕ್ ತನ್ನ ವೆಬ್‌ಸೈಟಿನಲ್ಲಿ ಹಾಕಿದೆ. ಅದರಲ್ಲಿ ಇಲ್ಲದ್ದನ್ನು ಮುಟ್ಟಬೇಡಿ. ಅನುಮಾನ ಬಂದರೆ ರಿಸರ್ವ್ ಬ್ಯಾಂಕಿನ "ಸಚೇತ್" ಪೋರ್ಟಲ್‌ನಲ್ಲಿ ದೂರು ಕೊಡಬಹುದು.

ಒಟಿಪಿ, ಎಟಿಎಂ ಪಿನ್, ಸಹಿ ಮಾಡಿದ ಖಾಲಿ ಕಾಗದ ಕೇಳುವವರು ಸಲಹೆಗಾರರೇ ಅಲ್ಲ. ಎದ್ದು ಬನ್ನಿ.

ಸಿಕ್ಕ ಸಲಹೆಯನ್ನು ಪೆನ್ನು ಹಿಡಿದು ನೋಡಿ

ಯಾವ ಸಲಹೆಗೂ ಕೂತಲ್ಲೇ ಒಪ್ಪಬೇಡಿ. ಮನೆಗೆ ತಂದು ಲೆಕ್ಕ ಹಾಕಿ. "ಇವತ್ತೇ ಸಹಿ ಹಾಕಿ, ನಾಳೆ ಸ್ಕೀಮ್ ಮುಗಿಯುತ್ತೆ" ಅಂದರೆ ಅಷ್ಟಕ್ಕೇ ಅನುಮಾನ ಪಡಬಹುದು.

ಒಂದು ಲಕ್ಷ ಸಾಲ, ವರ್ಷಕ್ಕೆ ಶೇಕಡ 12 ಫ್ಲಾಟ್ ಬಡ್ಡಿ, ಎರಡು ವರ್ಷ ಅಂತ ಇಟ್ಟುಕೊಳ್ಳಿ. ಬಡ್ಡಿ 24,000, ಕಂತು ತಿಂಗಳಿಗೆ ಸುಮಾರು 5,167. ನೀವು ಪ್ರತಿ ತಿಂಗಳು ಅಸಲು ತೀರಿಸುತ್ತಾ ಬಂದರೂ ಬಡ್ಡಿ ಮಾತ್ರ ಕೊನೆಯವರೆಗೂ ಪೂರ್ತಿ ಒಂದು ಲಕ್ಷದ ಮೇಲೆಯೇ. ಇಳಿಯುವ ಬಾಕಿಯ ಲೆಕ್ಕದಲ್ಲಿ ನೋಡಿದರೆ ಅದು ಶೇಕಡ 21ರಿಂದ 22ರ ನಡುವೆ ಬರುತ್ತದೆ. ಹಾಗಾಗಿ "ಫ್ಲಾಟಾ, ರೆಡ್ಯೂಸಿಂಗಾ?" ಅಂತ ಕೇಳದೆ ಬಡ್ಡಿ ಹೋಲಿಸಬೇಡಿ.

ಕಾರ್ಡಿನ ಕನಿಷ್ಠ ಮೊತ್ತ ಕಟ್ಟುತ್ತಾ ಹೋಗಿ ಅನ್ನುವುದು ಇನ್ನೊಂದು ಸಲಹೆ. ಒಂದು ಲಕ್ಷ ಬಾಕಿಗೆ ತಿಂಗಳ ಬಡ್ಡಿ ಶೇಕಡ 3.5ರಂತೆ 3,500. ಅದರ ಮೇಲೆ ಶೇಕಡ 18 ಜಿಎಸ್‌ಟಿ 630. ನೀವು 5,000 ಕಟ್ಟಿದರೆ ಅಸಲಿಗೆ ಹೋಗುವುದು 870 ರೂಪಾಯಿ. ಈ ಲೆಕ್ಕವನ್ನು ಆ ಹಿರಿಯರು ನಮ್ಮ ಮುಂದೆ ಬರೆದು ತೋರಿಸಿದಾಗ ನಮ್ಮ ಯಜಮಾನರು ಬಹಳ ಹೊತ್ತು ಮಾತಾಡಲಿಲ್ಲ. ಎರಡು ವರ್ಷ ಹಾಗೇ ಕಟ್ಟಿದ್ದೆವು.

"ಒಡವೆ ಇಟ್ಟು ಕಾರ್ಡ್ ತೀರಿಸಿ" ಅನ್ನುವ ಸಲಹೆ ಕೆಲವೊಮ್ಮೆ ಸರಿ. ಬ್ಯಾಂಕಿನ ಚಿನ್ನದ ಸಾಲದ ಬಡ್ಡಿ ಕಾರ್ಡಿಗಿಂತ ಬಹಳ ಕಡಿಮೆ. ಆದರೆ ಕಾರ್ಡ್ ಸಾಲಕ್ಕೆ ಅಡ ಇರಲಿಲ್ಲ, ಈಗ ಒಡವೆ ಅಡಕ್ಕೆ ಹೋಗುತ್ತದೆ. ಕಾರ್ಡನ್ನು ಮುಚ್ಚಿಸಿ, ಕಂತು ಕಟ್ಟುವ ಆದಾಯ ಖಚಿತ ಇದ್ದರೆ ಮಾತ್ರ ಮಾಡಿ. "ಚೀಟಿ ಎತ್ತಿ" ಅನ್ನುವವರಿಗೂ ಇದೇ ಉತ್ತರ. ಕೂಗಿನಲ್ಲಿ ಎಷ್ಟು ಬಿಟ್ಟು ಎತ್ತುತ್ತೀರೋ ಅದೇ ನಿಮ್ಮ ಬಡ್ಡಿ, ಅದನ್ನೂ ಹಾಳೆಯಲ್ಲಿ ಬರೆದು ನೋಡಿ.

ಕಿರುಕುಳ ಇದ್ದರೆ ತಡ ಮಾಡಬೇಡಿ

ಹೆದರಿಕೆಯಲ್ಲಿ ತೆಗೆದುಕೊಂಡ ನಿರ್ಧಾರ ಸರಿಯಾಗುವುದು ಕಷ್ಟ. ಆದ್ದರಿಂದ ನಿಮ್ಮ ಹಕ್ಕು ತಿಳಿದಿರಲಿ. ರಿಸರ್ವ್ ಬ್ಯಾಂಕಿನ 2022ರ ಸೂಚನೆಯಂತೆ ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಮೈಕ್ರೋಫೈನಾನ್ಸ್ ಸಾಲವಾದರೆ ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ ಮಾತ್ರ. ಬೈಯುವುದು, ಬಂಧುಗಳ ಮುಂದೆ ಮಾನ ಕಳೆಯುವುದು ನಿಷಿದ್ಧ. ಮೈಕ್ರೋಫೈನಾನ್ಸ್‌ನಲ್ಲಿ ಇನ್ನೊಂದು ನಿಯಮವಿದೆ. ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ಅದನ್ನು ಮೀರಿ ಸಾಲ ಕೊಟ್ಟಿದ್ದರೆ ದೂರಿನಲ್ಲಿ ಬರೆಯಿರಿ.

ಮೊದಲು ಸಾಲ ಕೊಟ್ಟ ಸಂಸ್ಥೆಗೆ ಬರವಣಿಗೆಯಲ್ಲಿ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಸಮಾಧಾನ ಆಗದಿದ್ದರೆ, ಇಂಥ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ಹೋಗಬಹುದು. ಇದೂ ಉಚಿತ. ಮಾಹಿತಿಗೆ 14448.

ಕರ್ನಾಟಕದಲ್ಲಿ 2025ರ ಫೆಬ್ರವರಿಯಲ್ಲಿ ಕಿರು ಸಾಲ ವಸೂಲಿಯ ಬಲವಂತ ತಡೆಯುವ ಸುಗ್ರೀವಾಜ್ಞೆ ಬಂತು, ಅದೇ ವರ್ಷ ಅದು ಕಾಯ್ದೆಯಾಯಿತು. ಅದರಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ. ಮೀಟರ್ ಬಡ್ಡಿಯವರು ಮನೆ ಮುಂದೆ ಕೂತರೆ, ಬೆದರಿಸಿದರೆ ಪೊಲೀಸ್ ಠಾಣೆಗೆ ಹೋಗಿ. ಫೋಟೋ ತಿದ್ದಿ ಕಳಿಸುವ ಆ್ಯಪಿನವರ ವಿಷಯಕ್ಕೆ ಸೈಬರ್ ಸಹಾಯವಾಣಿ 1930. ಕರೆ ರೆಕಾರ್ಡ್, ಮೆಸೇಜ್ ಯಾವುದನ್ನೂ ಅಳಿಸಬೇಡಿ.

ರಾತ್ರಿ ನಿದ್ದೆ ಬರದೆ, ಬದುಕೇ ಬೇಡ ಅನ್ನಿಸುತ್ತಿದ್ದರೆ ಲೆಕ್ಕ ಗಿಕ್ಕ ಎಲ್ಲ ಪಕ್ಕಕ್ಕಿಡಿ. 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ನಾನು ಬೇಡಿಕೊಳ್ಳುತ್ತೇನೆ, ಒಬ್ಬರೇ ಕೂತು ಯೋಚಿಸಬೇಡಿ. ಯಾವ ಸಾಲವೂ ನಿಮ್ಮ ಜೀವಕ್ಕೆ ಸಮ ಇಲ್ಲ.

ಒಂದು ಸಾಲ ತೀರಿದಾಗ

ಕೊನೆಯ ಕಂತು ಕಟ್ಟಿದ ದಿನವೇ ಬಾಕಿ ಇಲ್ಲ ಅನ್ನುವ ಪತ್ರ ಕೇಳಿ. ಕೊಟ್ಟಿದ್ದ ಖಾಲಿ ಚೆಕ್‌ಗಳನ್ನು ಎಣಿಸಿ ವಾಪಸ್ ಪಡೆಯಿರಿ. ಕೈಸಾಲವಾದರೂ ಅಷ್ಟೇ. ಹಣ ಮುಟ್ಟಿತು ಅಂತ ಸಾಕ್ಷಿ ಸಹಿತ ಬರೆಸಿಕೊಳ್ಳಿ. ನಮ್ಮ ಒಂದು ಚೆಕ್ ವಾಪಸ್ ಬರಲು ಏಳು ತಿಂಗಳು ಓಡಾಡಬೇಕಾಯಿತು, ಏಕೆಂದರೆ ಕಟ್ಟಿದ ದಿನ ಖುಷಿಯಲ್ಲಿ ಕೇಳುವುದನ್ನೇ ಮರೆತಿದ್ದೆವು.

ಬ್ಯಾಂಕಿಗೆ ಮನೆ ಅಥವಾ ಜಮೀನು ಪತ್ರ ಕೊಟ್ಟಿದ್ದರೆ ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲ ಪತ್ರ ವಾಪಸ್ ಕೊಡಬೇಕು. ಅವರಿಂದಲೇ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಎರಡು ತಿಂಗಳು ಬಿಟ್ಟು ಕ್ರೆಡಿಟ್ ರಿಪೋರ್ಟ್ ಮತ್ತೆ ತೆಗೆದು ಆ ಸಾಲದ ಮುಂದೆ "ಕ್ಲೋಸ್ಡ್" ಅಂತ ಬಂದಿದೆಯಾ ನೋಡಿ. ಬಂದಿದ್ದರೆ ಹಾಳೆಯಲ್ಲಿ ಆ ಗೆರೆಯನ್ನು ಹೊಡೆದುಹಾಕಿ. ಅದಕ್ಕೆ ಕಟ್ಟುತ್ತಿದ್ದ ಕಂತಿನ ದುಡ್ಡನ್ನು ಮುಂದಿನ ತಿಂಗಳಿಂದ, ಬಡ್ಡಿ ಜಾಸ್ತಿ ಇರುವ ಇನ್ನೊಂದು ಸಾಲಕ್ಕೆ ಸೇರಿಸಿ ಕಟ್ಟಿ.